ಬಾವಿಕಟ್ಟೆಯ ಹಿಂದಿನ ಸೇವಂತಿಗೆ

ಹೆಮ್ಮಾಡಿಯ ಸರಸಕ್ಕನಿಗೆ ಒಂದು ಒಳ್ಳೆಯ ಗುಣವಿತ್ತು, ಅದೇ ಅವಳಿಗೆ ಮುಳುವಾಯಿತು. ತಿಳಿದವರು ಒಂದು ಕೆಲಸ ಹೇಳಿದರೆ, ಹೇಳಿದವರು ಮರೆತರೂ ಅವಳು ಮರೆಯುತ್ತಿರಲಿಲ್ಲ. ಡಾಕ್ಟರು ಐದು ದಿನ ಗುಳಿಗೆ ಎಂದರೆ, ಜ್ವರ ಎರಡನೇ ದಿನಕ್ಕೇ ಬಿಟ್ಟರೂ ಐದು ದಿನ ನುಂಗುವವಳು. ಇಂಥವರು ಊರಿಗೆ ಬೇಕು ಎನ್ನುತ್ತಾರೆ. ಇಂಥವರ ಗತಿ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಮನೆ ಮುಂದಿನ ಹತ್ತು ಸೆಂಟ್ಸ್ ಗದ್ದೆಯಲ್ಲಿ ಅವಳು ಸೇವಂತಿಗೆ ಬೆಳೆಯುತ್ತಿದ್ದಳು. ಅತ್ತೆಯ ಕಾಲದ ತಳಿ. ಪುಟ್ಟ ಹಳದಿ ಹೂ, ಕೊಯ್ದ ಕೈಯಲ್ಲಿ ಸಂಜೆಯ ತನಕ ಪರಿಮಳ. ಬೀಜದಿಂದ ಬೆಳೆಸುವುದಲ್ಲ, ಹೂ ಮುಗಿದ ಮೇಲೆ ಬುಡದಲ್ಲಿ ಒಡೆಯುವ ಮರಿಗಳನ್ನು ಕಾಪಾಡಿ ಚೌತಿ ಕಳೆದ ಮೇಲೆ ನೆಡಬೇಕು. ಸಂಕ್ರಾಂತಿಯಂದು ಮೊದಲ ಹೂ ಮಾರಣಕಟ್ಟೆಯ ಬ್ರಹ್ಮಲಿಂಗನಿಗೆ. ಅದಕ್ಕೆ ಮೊದಲು ಆ ಮನೆಯಲ್ಲಿ ಒಂದು ಹೂವನ್ನೂ ಮಾರುವುದಿಲ್ಲ, ಮುಡಿಯುವುದೂ ಇಲ್ಲ. ನೆರೆಕರೆಯವರೆಲ್ಲ ಹೊರಗಿನ ಗಿಡ ತಂದು ನೆಟ್ಟು, ಆ ತಳಿ ಉಳಿದದ್ದು ಅವಳ ಗದ್ದೆಯಲ್ಲಿ ಮಾತ್ರ. ಅದಕ್ಕೂ ಸೊರಗು ರೋಗ ಬಡಿಯಿತು.

ಆಗ ಬಂದವಳು ಸೌಮ್ಯಶ್ರೀ. ಬಾರ್ಕೂರಿನ ಹುಡುಗಿ, ಮೂರು ಬಸ್ಸು ಬದಲಿಸಿ ಹೋಗುವಷ್ಟು ದೂರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಚಿಗುರಿನ ತುದಿಯನ್ನು ಸಾಸಿವೆಯಷ್ಟು ಕತ್ತರಿಸಿ ಬಾಟಲಿಯಲ್ಲಿ ಬೆಳೆಸಿದರೆ ರೋಗವಿಲ್ಲದ ಗಿಡ ಸಿಗುತ್ತದೆ ಎಂದಳು. ಸಿಕ್ಕಿತು ಕೂಡ. 'ಸರಸ-1' ಎಂದು ಚೀಟಿ ಅಂಟಿಸಿದ ಬಾಟಲಿಯ ಫೋಟೋ ಮೊಬೈಲಿಗೆ ಬಂದ ದಿನ, ಸರಸಕ್ಕ ಅದನ್ನು ಬಸ್ಸಿನ ಕಂಡಕ್ಟರಿಗೂ ತೋರಿಸಿದಳು.

ಮೂರನೇ ವರ್ಷದ ಮೇ ತಿಂಗಳಲ್ಲಿ ಹುಡುಗಿ ಮತ್ತೆ ಬಂದಳು.

"ಚೌತಿ ಕಳ್ದ್ ಹೊಸ ಗಿಡ ತತ್ತೆ ಅಮ್ಮ. ಅದ್ಕಿಂತ ಮುಂಚೆ ಹಳೇದೆಲ್ಲ ಕಿತ್ತ್ ಸುಡ್ಕ್. ಒಂದ್ ಉಳ್ದ್ರೂ ಹೊಸದಕ್ಕೆ ರೋಗ ಹತ್ತತ್."

ಸರಸಕ್ಕ ಸುಟ್ಟಳು. ಗಂಡ ಚಂದಯ್ಯ ಮಾತ್ರ ಒಂದು ಗಿಡವನ್ನು ಒಡೆದ ಕೊಡದಲ್ಲಿ ನೆಟ್ಟು ಬಾವಿಕಟ್ಟೆಯ ಹಿಂದೆ ಬಚ್ಚಿಟ್ಟಿದ್ದ. ನೀರು ಸೇದಲು ಹೋದವಳ ಕಣ್ಣಿಗೆ ಬಿತ್ತು.

"ಒಂದ್ ಇರ್ಲಿ ಮಾರಾಯ್ತಿ. ಅಬ್ಬಿ ನೆಟ್ಟದ್ದ್," ಎಂದ ಚಂದಯ್ಯ, ತಾಯಿಯನ್ನು ನೆನೆದು.

"ಆ ಹೆಣ್ಣ್ ಮೂರ್ ವರ್ಷ ಕಷ್ಟಪಟ್ಟದ್ದ್ ನಿಮ್ಮ್ ಒಂದ್ ಗಿಡದಿಂದ ಹಾಳಾಪುಕಾಗ," ಎಂದು ಅವಳು ಅದನ್ನೂ ಕಿತ್ತು ಒಲೆಗೆ ಹಾಕಿದಳು. ಆತ ಎರಡು ದಿನ ಮಾತು ಬಿಟ್ಟ. ಮೂರನೇ ದಿನ ತಾನೇ ಗದ್ದೆಗೆ ಗೊಬ್ಬರ ಹೊತ್ತ.

ಚೌತಿ ಕಳೆದು ವ್ಯಾನಿನಲ್ಲಿ ಗಿಡ ಬಂತು, ಜೊತೆಗೆ ವಿಶ್ವವಿದ್ಯಾಲಯದವರೇ ಹುಟ್ಟುಹಾಕಿದ ಕಂಪನಿಯ ಜನವೂ ಬಂದರು. ಸಂಶೋಧನೆ ಪುಸ್ತಕದಲ್ಲಿ ಕೊಳೆಯಬಾರದು, ರೈತರ ಅಂಗಳಕ್ಕೆ ಇಳಿಯಬೇಕು ಎಂದು ಒಬ್ಬರು ಭಾಷಣ ಮಾಡಿದರು. ಮಾತು ಒಳ್ಳೆಯದೇ, ಮಾತಿಗೇನು ಬರ! ಸರಸಕ್ಕ ಗಿಡದ ಟ್ರೇ ಹಿಡಿದು ನಿಂತದ್ದರ ಫೋಟೋ ತೆಗೆದರು.

ಗಿಡ ಸೊಂಪಾಗಿ ಎದ್ದಿತು, ಒಂದೂ ಸೊರಗಲಿಲ್ಲ. ಆದರೆ ಡಿಸೆಂಬರಿನ ಮೊದಲ ವಾರಕ್ಕೇ ಅರಳಿಬಿಟ್ಟಿತು. ಅಂಗೈ ಅಗಲದ ಹೂ, ಮೂಗಿಗೆ ಹಿಡಿದರೆ ಬರೀ ಹಸಿ ಸೊಪ್ಪಿನ ವಾಸನೆ. ದೇವರಿಗೆ ಮುಟ್ಟುವ ಮೊದಲು ಕೊಯ್ಯುವಂತಿಲ್ಲ. ದಿನಾ ಗದ್ದೆಯ ಬದಿಯಲ್ಲಿ ನಿಂತು ಅವು ಬಾಡುವುದನ್ನು ನೋಡಿದಳು. ಸಂಕ್ರಾಂತಿಗೆ ಒಂದು ಹೂವೂ ಉಳಿಯಲಿಲ್ಲ. ಬರಿಗೈಯಲ್ಲಿ ಮಾರಣಕಟ್ಟೆಗೆ ಹೋಗಲು ನಾಚಿಕೆಯಾಗಿ, ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವಳು ಮನೆಯಲ್ಲೇ ಕುಳಿತು ಅತ್ತಳು.

ಎರಡು ದಿನ ಬಿಟ್ಟು ಬಸ್ಸು ಹತ್ತಿದಳು. 'ಸರಸ-1' ಬಾಟಲಿ ಇದೆಯಲ್ಲ, ಅದರಿಂದಲೇ ಮತ್ತೆ ಮಾಡಿಕೊಡಲಿ ಎಂಬುದೊಂದೇ ಧೈರ್ಯ.

ವಿಶ್ವವಿದ್ಯಾಲಯದ ಗೋಡೆಯಲ್ಲಿ ಟ್ರೇ ಹಿಡಿದು ನಗುವ ಸರಸಕ್ಕ ಆಳೆತ್ತರಕ್ಕೆ ನಿಂತಿದ್ದಳು. ಒಳಗೆ ಸೌಮ್ಯಶ್ರೀ ಇವಳನ್ನು ಕಂಡವಳೇ ತಲೆ ತಗ್ಗಿಸಿದಳು.

"ನನ್ನ್ ಬಾಟ್ಲಿ ಎಲ್ಲಿತ್ ಮಗಾ?"

"ಬಾಟ್ಲಿಲಿ ಬೆಳ್ದದ್ರಲ್ಲಿ ಒಂದ್ ಗಿಡ ಬ್ಯಾರೆ ನಮೂನಿ ಆಯ್ತ್ ಅಮ್ಮ, ದೊಡ್ಡ ಹೂಗಿಂದ್. ಕ್ರಿಸ್‌ಮಸ್ಸಿಗೆ ಪ್ಯಾಟಿಲಿ ಹೋತ್ತ್ ಅಂದೇಳಿ ಕಂಪನಿಯೋರ್ ಅದನ್ನೇ ಬೆಳ್ಸಿದ್ರ್. ದೊಡ್ಡ ಹೂ ಅಂದ್ರೆ ನಿಮ್ಗೂ ಖುಷಿ ಆತ್ತ್ ಅಂದ್ಕಂಡೆ ನಾನ್. ಸಂಕ್ರಾಂತಿ ನೆನ್ಪೇ ಆಯ್ಲಿಲ್ಲೆ."

"ಅದ್ ಹೋಯ್ಲಿ. ನನ್ನದ್ದ್?"

"ಅದನ್ನ ತಿಂಗ್ಳ್ ತಿಂಗ್ಳ್ ಬ್ಯಾರೆ ಬಾಟ್ಲಿಗೆ ಹಾಕ್ಕ್. ಚೌತಿಗೆ ಪ್ರಾಜೆಕ್ಟ್ ಮುಗೀತ್, ಕಾಂಬೋರ್ ಯಾರೂ ಇಲ್ಲೆ. ಒಣ್ಗಿತ್. ತೊಳ್ದ್ ಇಟ್ಟ್ರ್."

ಕಿಟಕಿಯ ಹತ್ತಿರ ಬಾಟಲಿಗಳು ಸಾಲಾಗಿ ಬೋರಲು ಬಿದ್ದಿದ್ದವು. ಅವುಗಳಲ್ಲಿ ತನ್ನದು ಯಾವುದೆಂದು ಅವಳಿಗೆ ತಿಳಿಯಲಿಲ್ಲ.

ಹುಡುಗಿ ಇದ್ದಕ್ಕಿದ್ದಂತೆ ಅವಳ ಕೈ ಹಿಡಿದಳು. "ಅಮ್ಮ, ಮನೇಲಿ ಹಳೇ ಗಿಡ ಒಂದಾರೂ ಇತ್ತಾ? ನಾವ್ ಸುಡ್ಕ್ ಅಂದ್ರೂ ಎಲ್ರೂ ಒಂದ್ ಕದ್ದ್ ಇಟ್ಕಂತ್ರ್, ನಂಗ್ ಗೊತ್ತಿತ್. ನಾ ಬೈಯ್ಯುದಿಲ್ಲೆ. ಸಾಸ್ಮಿ ಕಾಳಷ್ಟ್ ತುದಿ ಸಾಕ್, ಮತ್ತೆ ಮಾಡ್ತೆ."

ಸರಸಕ್ಕ ತನ್ನ ಕೈಯನ್ನು ಮೆಲ್ಲನೆ ಬಿಡಿಸಿಕೊಂಡಳು.

"ಬಾವಿಕಟ್ಟಿ ಹಿಂದೆ ಒಂದ್ ಇದ್ದಿತ್ ಮಗಾ," ಎಂದಳು. "ನೀ ಹೇಳಿದ್ದ್ ಅಂದೇಳಿ ಅದನ್ನೂ ಸುಟ್ಟೆ."