ಗುಲಗಂಜಿಯ ದೀಪಗಳು

ಆ ಮನೆಗೆ ದೇವರಕೋಣೆ ಇರಲಿಲ್ಲ. ಅದನ್ನು ಮೊದಲು ಕಂಡುಹಿಡಿದವರು ನಮ್ಮ ಅತ್ತೆ. ತಿಂಗಳುಗಟ್ಟಲೆ ಕೂತು ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು ನಾನು ಎಬ್ಬಿಸಿ ನಿಲ್ಲಿಸಿದ್ದ ಗೊಂಬೆಮನೆಯ ಮುಂದೆ ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಕೋಣೆ ನೋಡಿದರು.

"ಟಿ.ವಿ. ಇಡೂದು ಮರೀಲಿಲ್ಲ, ದೇವರನ್ನ ಮರತಿ ನೋಡು," ಎಂದರು.

ಜೊತೆಗೆ ಬಂದಿದ್ದ ಬಾಜೂ ಮನೆಯಾಕೆ, "ಒಲಿನೂ ಕಾಣವಲ್ದು. ಇದರಾಗಿನ ಮಂದಿ ರೊಟ್ಟಿ ಎಲ್ಲಿ ಬಡೀತಾರ ಬೇ?" ಎಂದಳು.

"ಅವರು ರೊಟ್ಟಿ ತಿನ್ನೂ ಮಂದಿ ಅಲ್ಲವಾ. ಬ್ರೆಡ್ಡು ತಿಂದು ಕೈ ಒರಸ್ಕೊಳ್ಳೂ ಮಂದಿ," ಎಂದು ಅತ್ತೆಯೇ ಉತ್ತರ ಕೊಟ್ಟರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೆ ಮಾತ್ರ, ಇವರಿಗೇನು ತಿಳಿಯುತ್ತದೆ ಎಂಬ ಬಿಂಕ ಇತ್ತು.

ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಗಂಡ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ನೌಕರಿಗೆ ಹೋಗಿಬರುತ್ತಾರೆ. ಮಗ ಧಾರವಾಡದ ಹಾಸ್ಟೆಲ್ಲಿನಲ್ಲಿ ಓದುತ್ತಾನೆ. ಹೊಲ, ಎತ್ತು, ಕಾಳುಕಡಿ ಮಾರಿಸುವ ಅಡತಿಯ ವ್ಯವಹಾರ ಎಲ್ಲ ಮೈದುನನದು. ಅಡುಗೆ ಮುಗಿದ ಮೇಲೆ ಮಧ್ಯಾಹ್ನಗಳು ನನ್ನವು. ಮೊಬೈಲಿನಲ್ಲಿ ಗೊಂಬೆಮನೆ ಕಟ್ಟುವುದನ್ನು ನೋಡುತ್ತ ನೋಡುತ್ತ ನಾನೂ ಒಂದು ಕಟ್ಟತೊಡಗಿದೆ. ಹಳೆಯ ಕಾಲದ ತೊಟ್ಟಿಲು, ಬೀಸುವ ಕಲ್ಲು ಇಟ್ಟ ಮನೆಯಲ್ಲ. ಈಗಿನ ಫ್ಲಾಟು. ಬಡಿಗೇರರಿಂದ ತಂದ ಪ್ಲೈವುಡ್ ಚೂರುಗಳ ಗೋಡೆ, ಲಗ್ನಪತ್ರಿಕೆಗಳ ಹೊಳೆಯುವ ಕಾಗದದಿಂದ ಅಡುಗೆಮನೆಯ ಕಪಾಟು, ಗುಳಿಗೆಯ ಖಾಲಿ ಪೊಟ್ಟಣದಿಂದ ಕೈತೊಳೆಯುವ ಬೇಸಿನ್. ಹಾಲಿನ ನೆಲಕ್ಕೆ ನವಲಗುಂದದ ಜಮಖಾನೆಯ ಒಂದು ಅಂಚಿನ ತುಂಡು. ಪ್ರತಿ ಕೋಣೆಗೂ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಬರೆದಿದ್ದೆ. ನಾವಿರುವ ಮನೆಯಲ್ಲಿ ಬಚ್ಚಲಿಗೆ ಬಿಟ್ಟರೆ ಯಾವುದಕ್ಕೂ ಚಿಲಕವಿಲ್ಲ.

ಅದನ್ನು ನನ್ನ ಕೋಣೆಯಲ್ಲಿ ಟ್ರಂಕಿನ ಮೇಲೆ ಇಟ್ಟಿದ್ದೆ. ನೋಡಲು ಎಲ್ಲರಿಗಿಂತ ಹೆಚ್ಚು ಬರುತ್ತಿದ್ದವಳು ಮೈದುನನ ಮಗಳು. ಇನ್ನೂ ಮೂರು ತುಂಬಿರಲಿಲ್ಲ. "ಕಣ್ಣಲೆ ನೋಡು, ಕೈಲೆ ಅಲ್ಲ," ಎಂದು ಕಲಿಸಿದ್ದೆ. ಪಾಪ, ಎರಡೂ ಕೈ ಬೆನ್ನ ಹಿಂದೆ ಹಿಡಿದುಕೊಂಡು ನಿಲ್ಲುತ್ತಿದ್ದಳು. ಮಕ್ಕಳು ಮುಟ್ಟಬಾರದ ಗೊಂಬೆಮನೆ ಯಾರಿಗಾಗಿ ಎಂದು ನನಗೆ ಒಮ್ಮೆಯೂ ಅನಿಸಲಿಲ್ಲ.

ಕೊನೆಗೆ ಉಳಿದದ್ದು ಊಟದ ಮೇಜಿನ ಮೇಲೆ ತೂಗುವ ದೀಪಗಳು. ಮೊಬೈಲಿನ ಫ್ಲಾಟಿನಲ್ಲಿ ಕೆಂಪು ಗಾಜಿನ ಬುರುಡೆಗಳು ಸಾಲಾಗಿ ಇಳಿಬಿದ್ದಿದ್ದವು. ಅಷ್ಟು ಸಣ್ಣ ಮಣಿ ನನಗೆಲ್ಲೂ ಸಿಗಲಿಲ್ಲ. ಆಗ ಆಷಾಢ. ನಮ್ಮ ಕಡೆ ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ, ಹಸಿಮಣ್ಣಿನ ಮೈಗೆ ಗುಲಗಂಜಿ ಒತ್ತಿ ಸಿಂಗರಿಸಿ, ಪೂಜೆ ಮಾಡಿ ಊಟ ಮಾಡುತ್ತಾರೆ. ಅತ್ತೆ ಸಂತೆಯಿಂದ ತರಿಸಿದ್ದ ಗುಲಗಂಜಿ ಪಡಸಾಲೆಯ ತಾಟಿನಲ್ಲಿದ್ದವು. ಕೆಂಪು ಮೈ, ಕಪ್ಪು ತುದಿ. ದೀಪಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. ಒಂದು ಹಿಡಿ ತಂದುಕೊಂಡೆ.

ಮೈ ನುಣುಪು, ಅಂಟು ಹಿಡಿಯಲಿಲ್ಲ. ಸೂಜಿ ಕಾಯಿಸಿ ಚುಚ್ಚಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ಗುಲಗಂಜಿಯ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಇಡಿಯಾಗಿ ನುಂಗಿದರೆ ಬಹುತೇಕ ಹಾಗೆಯೇ ಹೊರಗೆ ಹೋಗುತ್ತದೆ, ಸಿಪ್ಪೆ ಒಡೆದರೆ ಒಳಗಿರುವುದು ವಿಷ ಎಂಬುದು ನನಗೆ ಗೊತ್ತಿತ್ತು. ಪರೀಕ್ಷೆಗೆ ಓದಿ ಮರೆತದ್ದಲ್ಲ. ಚುಚ್ಚುವಾಗ ನೆನಪಿತ್ತು. ಅದಕ್ಕೇ ನನ್ನ ಬೆರಳುಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದೆ.

ಒಂದೊಂದಕ್ಕೂ ಹಾಳಾದ ಚಾರ್ಜರಿನ ತಾಮ್ರದ ತಂತಿ ಪೋಣಿಸಿ ಗುಲಗಂಜಿಗಳನ್ನು ಮೇಜಿನ ಮೇಲೆ ಇಳಿಬಿಟ್ಟೆ. ಬಹಳ ಚೆನ್ನಾಗಿ ಕಂಡವು. ಅಷ್ಟರಲ್ಲಿ ಪಡಸಾಲೆಯಿಂದ ಅತ್ತೆ, "ಬಾರವಾ, ಗುಳ್ಳವ್ವಗ ಆರತಿ ಮಾಡೂಣು," ಎಂದು ಕೂಗಿದರು. ಎದ್ದು ಹೋದೆ. ಬಾಗಿಲು ತೆರೆದೇ ಇತ್ತು.

ಆರತಿ ಮುಗಿಸಿ ತಿರುಗಿ ಬಂದು ಹೊಸ್ತಿಲಲ್ಲಿ ನಿಂತಾಗ ಮೊದಲು ಕಂಡದ್ದು ಒಂದು ತಂತಿ. ಬರಿಯ ತಂತಿ, ತುದಿಯಲ್ಲಿ ಏನೂ ಇಲ್ಲದೆ ಅಲ್ಲಾಡುತ್ತಿತ್ತು. ಮಗು ಅದರ ಮುಂದೆ ನಿಂತಿತ್ತು. ಅದರ ಕೆನ್ನೆ ಒಮ್ಮೆ ಅಲುಗಿದ್ದನ್ನೂ ಕಂಡೆ, ಹಲ್ಲಿನ ನಡುವೆ ಕಟಕ್ ಎಂದದ್ದನ್ನೂ ಕೇಳಿದೆ. ಆದರೆ ನನ್ನ ಬಾಯಿಂದ ಬಂದದ್ದು, "ಏನ್ ಮಾಡಿದಿಲೇ? ಮುರದಿಯಲ್ಲ!" ಎಂಬ ಕೂಗು.

ಮಗು ಬೆಚ್ಚಿ ಗುಟುಕ್ಕನೆ ನುಂಗಿತು.

"ಮುಟ್ಟಿಲ್ಲ ದೊಡವ್ವಾ," ಎಂದಿತು. ತುಟಿಯ ಮೇಲೆ ಕೆಂಪು ಸಿಪ್ಪೆಯ ಒಂದು ಚೂರಿತ್ತು.

ಆ ಗಳಿಗೆ ನನ್ನನ್ನು ಬಿಡುತ್ತಿಲ್ಲ. ಸುಮ್ಮನೆ ಹತ್ತಿರ ಹೋಗಿ, ಉಗಳವಾ ಎಂದು ಅಂಗೈ ಒಡ್ಡಿದ್ದರೆ ಉಗುಳುತ್ತಿತ್ತು. ಹೇಳಿದ್ದು ಕೇಳುವ ಮಗು. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ಕೂತಾಗ, ಯಾರೋ ಏನೋ ಹೇಳುತ್ತಿರುವಾಗ, ಮತ್ತೆ ಆ ಹೊಸ್ತಿಲಿಗೆ ಬಂದು ನಿಲ್ಲುತ್ತೇನೆ. ಪ್ರತಿ ಸಲವೂ ಮೊದಲು ಕಾಣುವುದು ತಂತಿಯೇ.

ಬೆರಳು ಹಾಕಿ ಬಾಯೊಳಗೆ ಹುಡುಕಿದೆ. ಇನ್ನೊಂದು ಚೂರು ಸಿಪ್ಪೆ ಸಿಕ್ಕಿತು. ಮಗು ಅತ್ತಿತು. ಅದರ ತಾಯಿ, ನನ್ನ ನೆಗೆಣ್ಣಿ, ಓಡಿ ಬಂದಳು. "ಗುಲಗಂಜಿ ನುಂಗೇತಿ," ಎಂದೆ.

"ಗುಳ್ಳವ್ವನ ಮೈಮ್ಯಾಲಿಂದು ಕಿತ್ತಿರಬೇಕ್ರಿ ಅಕ್ಕಾ. ಆಗಿಂದ ಅಲ್ಲೇ ಸುತ್ತತಿತ್ತು," ಎಂದಳು ಅವಳು.

ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ದವಾಖಾನಿಗೆ ಹೋಗೂಣು. ಈಗಿಂದೀಗ," ಎಂದೆ.

ಅತ್ತೆ ಆರತಿಯ ತಟ್ಟೆ ಹಿಡಿದುಕೊಂಡೇ ಬಂದರು. "ಯಾಕ ಅಷ್ಟ ಅಂಜತಿ? ಸಣ್ಣಾಕಿದ್ದಾಗ ನಾನೂ ನುಂಗೇನಿ. ಮುಂಜಾನೆ ಹೋಕ್ಕತಿ. ಗುಳ್ಳವ್ವನ ಕಾಳು, ಏನೂ ಮಾಡಂಗಿಲ್ಲ."

ಅವರು ಹೇಳಿದ್ದು ಇಡೀ ಕಾಳಿನ ಮಾತು. ಮಣ್ಣಿಗೆ ಒತ್ತುವ ಗುಲಗಂಜಿಗೆ ನಮ್ಮೂರಲ್ಲಿ ಯಾರೂ ತೂತು ಹಾಕುವುದಿಲ್ಲ. ಹಾಕುವ ಕೆಲಸವೇ ಇಲ್ಲ. ಅದನ್ನು ಮಾಡಿದವಳು ನಾನೊಬ್ಬಳೇ, ಅದನ್ನು ಬಲ್ಲವಳೂ ನಾನೊಬ್ಬಳೇ.

"ಇಲ್ರೀ ಅತ್ತಿ, ಹೋಗೂದ," ಎಂದೆ. "ಓದಿದವರಿಗೆ ಅಂಜಿಕಿ ಬಾಳ," ಎಂದು ಗೊಣಗುತ್ತಲೇ ಅವರೂ ಚಪ್ಪಲಿ ಮೆಟ್ಟಿದರು.

ಬಾಜೂ ಮನೆಯ ಕಾಕಾ ತಮ್ಮ ಟಂಟಂ ಆಟೋ ತೆಗೆದರು. ನವಲಗುಂದದ ದಾರಿ ನನಗೆ ಅಷ್ಟು ಉದ್ದವೆಂದು ಗೊತ್ತಿರಲಿಲ್ಲ. ಎರಡೂ ಕಡೆ ಹೆಸರುಕಾಳಿನ ಹೊಲ, ಹಸಿ ಎರೆಮಣ್ಣಿನ ವಾಸನೆ. ಮಗು ಅಷ್ಟರಲ್ಲಿ ಅಳು ನಿಲ್ಲಿಸಿ ತಾಯಿಯ ತೊಡೆಯ ಮೇಲೆ ಕೂತು ಟಂಟಂನ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತಿತ್ತು. ಈ ವಿಷ ಕೂಡಲೇ ಏನೂ ತೋರಿಸುವುದಿಲ್ಲ ಎಂಬುದನ್ನೂ ನಾನು ಓದಿದ್ದೆ.

ನೆಗೆಣ್ಣಿ ನನ್ನ ಮೊಣಕೈ ಹಿಡಿದುಕೊಂಡಳು. "ನೀವು ಇದ್ರಿ ಅಂತ ಆತ್ರಿ ಅಕ್ಕಾ. ನಾ ಒಬ್ಬಾಕಿ ಇದ್ದಿದ್ರ ಅತ್ತಿ ಮಾತು ಕೇಳಿ ಮನ್ಯಾಗ ಕುಂದರ್ತಿದ್ದೆ."

ಆಗಲಾದರೂ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಟಂಟಂ ಒಂದು ತಗ್ಗಿನಲ್ಲಿ ಕುಲುಕಿತು, ಅವಳು ಕೈ ಬಿಟ್ಟು ಮಗುವನ್ನು ಬಿಗಿಯಾಗಿ ಹಿಡಿದುಕೊಂಡಳು, ನಾನು ಹೊಲದ ಕಡೆ ಮುಖ ತಿರುಗಿಸಿದೆ.

ದವಾಖಾನೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಿದ್ದರು. ಎಷ್ಟು ನುಂಗಿದೆ, ಯಾವಾಗ ಎಂದು ಕೇಳಿದರು. "ಒಂದ ಇರಬೇಕ್ರಿ. ಗುಳ್ಳವ್ವಗ ಹಚ್ಚಿದ್ದು," ಎಂದಳು ನೆಗೆಣ್ಣಿ. ಡಾಕ್ಟರ ಮುಖ ಸ್ವಲ್ಪ ಸಡಿಲವಾಯಿತು. "ಇಡೀದು ನುಂಗಿದ್ರ ಅಷ್ಟು ಕಾಳಜಿ ಬ್ಯಾಡ. ಒಂದಿಷ್ಟು ಹೊತ್ತು ನೋಡೂಣು," ಎಂದರು.

ಇನ್ನು ಸುಮ್ಮನಿರುವಂತಿರಲಿಲ್ಲ. ಹೇಳಿದೆ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ. ಕಾಳು ಇಡಿಯಾಗಿರಲಿಲ್ಲ, ಸೂಜಿಯಿಂದ ತೂತು ಹಾಕಿದ್ದು, ಮೇಲೆ ಮಗು ಅಗಿದದ್ದನ್ನೂ ಕಂಡೆ ಎಂದು, ಹೊಸದಾಗಿ ಕಾಲೇಜು ಸೇರಿದವಳ ಹಾಗೆ ತಡವರಿಸುತ್ತ. ವರ್ಷಗಟ್ಟಲೆ ಆಡದ ಭಾಷೆಯನ್ನು ನಾನು ಆಗ ಆರಿಸಿಕೊಂಡದ್ದು ಡಾಕ್ಟರಿಗೆ ಬೇಗ ತಿಳಿಯಲೆಂದಲ್ಲ. ಪಕ್ಕದಲ್ಲಿದ್ದ ಇಬ್ಬರಿಗೆ ತಿಳಿಯದಿರಲೆಂದು.

ಡಾಕ್ಟರು ತಲೆಯೆತ್ತಿ ಕನ್ನಡದಲ್ಲೇ ಕೇಳಿದರು, ದೊಡ್ಡ ದನಿಯಲ್ಲಿ. "ತೂತು ಹಾಕಿದ್ದಾ? ಗುಲಗಂಜಿಗೆ ತೂತು ಯಾರ್ರೀ ಹಾಕಿದ್ದು?"

ಕಂಪೌಂಡರೂ ತಿರುಗಿ ನೋಡಿದ.

"ನಾನ್ರಿ," ಎಂದೆ. ಈ ಸಲ ಕನ್ನಡದಲ್ಲಿ.

"ಯಾತಕ್ಕ?"

"ಗೊಂಬಿ ಮನಿಗೆ. ದೀಪ ಮಾಡಾಕ."

ಡಾಕ್ಟರು ನರ್ಸಿಗೆ ಬೇಗ ಬೇಗ ಏನೇನೋ ಹೇಳಿದರು. ನೆಗೆಣ್ಣಿ ನನ್ನ ಕಡೆ ನೋಡಲಿಲ್ಲ. ಅತ್ತೆ ನೋಡಿದರು. "ಮೊದಲ ಹೇಳೂದಲ್ಲ?" ಎಂದರು. ಬೈದರೆ ತಡೆದುಕೊಳ್ಳುತ್ತಿದ್ದೆ. ಅವರು ಅಷ್ಟೇ ಕೇಳಿದರು, ಮೆಲ್ಲಗೆ, ಎಷ್ಟೋ ದೂರದಿಂದ ಬಂದ ಗುರುತಿಲ್ಲದ ಹೆಣ್ಣುಮಗಳನ್ನು ಕೇಳುವ ಹಾಗೆ.

ವಿಷ ಹೀರಲೆಂದು ಇದ್ದಿಲ ಪುಡಿ ಕಲಸಿದ ಕಪ್ಪು ನೀರನ್ನು ಮಗುವಿಗೆ ಕುಡಿಸಿದರು. ಅರ್ಧ ಫ್ರಾಕಿನ ಮೇಲೆ ಹೋಯಿತು. ಅಲ್ಲಿಂದ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ. ಮರುದಿನ ವಾಂತಿ ಶುರುವಾಯಿತು, ಆಮೇಲೆ ಭೇದಿ, ಭೇದಿಯಲ್ಲಿ ರಕ್ತ. ಅಷ್ಟು ಸಣ್ಣ ಕೈಗೆ ಸಲಾಯಿನ್ ಹಚ್ಚಲು ನರ ಸಿಗದೆ ಕಾಲಿಗೆ ಹಚ್ಚಿದರು. ಈ ವಿಷಕ್ಕೆ ಬೇರೆ ಮದ್ದಿಲ್ಲ, ಮೈಯ ನೀರು ಆರದಂತೆ ನೋಡಿಕೊಂಡು ಕಾಯಬೇಕು ಎಂದರು ಅಲ್ಲಿನ ಡಾಕ್ಟರು. ಮೈದುನ ಅಡತಿ ಅಂಗಡಿಯಿಂದ ಹಾಗೆಯೇ ಬಂದವನು, ಅಂಗಿಯ ತುಂಬ ಕಾಳಿನ ಧೂಳು, ಗೋಡೆಗೆ ಒರಗಿ ಕೂತಿದ್ದ. ನಾನು ವಾರ್ಡಿನ ಹೊರಗೆ ಇದ್ದೆ. ಹೋಗೆಂದು ಯಾರೂ ಅನ್ನಲಿಲ್ಲ, ಒಳಗೆ ಬಾ ಎಂದೂ ಅನ್ನಲಿಲ್ಲ. ಒಮ್ಮೆ ನೆಗೆಣ್ಣಿ ಹೊರಬಂದು ಹೊಲಸಾದ ಬಟ್ಟೆಯ ಗಂಟನ್ನು ನನ್ನ ಮುಂದೆ ಚಾಚಿದಳು. ನಲ್ಲಿಯ ಕೆಳಗೆ ಕೂತು ತಿಕ್ಕಿ ತಿಕ್ಕಿ ತೊಳೆದೆ. ಇದ್ದಿಲ ಕಲೆ ಹೋಗಲಿಲ್ಲ. ಅವಳು ನನಗೊಂದು ಕೆಲಸವಾದರೂ ಕೊಟ್ಟಳಲ್ಲ ಎಂದು ಕಣ್ಣು ತುಂಬಿ ಬಂತು.

ಮಗು ಉಳಿಯಿತು. ರಕ್ತ ನಿಂತಿತು, ಗಂಜಿ ಕೇಳಿತು, ಒಂದು ದಿನ ಮನೆಗೆ ಬಂತು.

ಅವರು ಬಂದ ದಿನವೇ ನಾನು ಗೊಂಬೆಮನೆಯನ್ನು ಎತ್ತಿ ಹಿತ್ತಲಿಗೆ ಒಯ್ದೆ. ನೀರೊಲೆಗೆ ಹಾಕುವವಳಿದ್ದೆ. ನೆಗೆಣ್ಣಿ ಹಿಂದಿನಿಂದ ಬಂದಳು. ದವಾಖಾನೆಯ ದಿನದಿಂದ ಅವಳು ನನ್ನ ಜೊತೆ ಪೂರಾ ಒಂದು ಮಾತು ಆಡಿರಲಿಲ್ಲ.

"ಸುಡಬ್ಯಾಡ್ರಿ," ಎಂದಳು.

"ಇದನ್ನ ನೋಡಾಕ ಆಗವಲ್ದು ನನಗ."

"ನೀವು ಸುಟ್ರ, ನಾ ಸುಡಸಿದೆ ಅಂತಾರ ಓಣ್ಯಾಗ. ನಿಮ್ಮ ಮನಸಿಗೆ ಹಗುರ ಆಕ್ಕತಿ, ಕೆಟ್ಟ ಹೆಸರು ನನಗ. ಇದ್ದಲ್ಲೇ ಇಡ್ರಿ. ನೋಡಕೋತ ಇರ್ರಿ."

ತಿರುಗಿ ಒಯ್ದು ಟ್ರಂಕಿನ ಮೇಲೆ ಇಟ್ಟೆ. ಗುಲಗಂಜಿಗಳನ್ನಷ್ಟೇ ಕಿತ್ತು ಆಳವಾಗಿ ಹೂಳಿದೆ. ಈಗಲೂ ಬಂದವರು ನೋಡುತ್ತಾರೆ, ಎಷ್ಟು ಚೆಂದ ಮಾಡಿರಿ ಎನ್ನುತ್ತಾರೆ. ನೆಗೆಣ್ಣಿ ಅಲ್ಲೇ ಇದ್ದರೆ, "ಹೌದ್ರಿ, ನಮ್ಮ ಅಕ್ಕನ ಕೈ ಚಲೋ ಐತಿ," ಎನ್ನುತ್ತಾಳೆ. ಅದರಲ್ಲಿ ಕುಟುಕಿದೆಯೋ ಇಲ್ಲವೋ ನನಗೆ ಗೊತ್ತಾಗುವುದಿಲ್ಲ. ಕೇಳುವ ಧೈರ್ಯವಿಲ್ಲ.

ಮಗು ಮೊದಲಿನ ಹಾಗೆ ಓಡಾಡುತ್ತದೆ, ಹಟ ಮಾಡುತ್ತದೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತದೆ ಎಂದು ಅದರ ತಾಯಿ ಹೇಳುತ್ತಾಳೆ. ಒಂದೇ ಒಂದು ಹೊಸ ರೂಢಿ. ಆಟವಾಡುತ್ತಿರುವಾಗ ನಾನು ಬಾಗಿಲಲ್ಲಿ ಕಂಡರೆ ಸಾಕು, ಆಟ ನಿಲ್ಲಿಸಿ, ಯಾರೂ ಕೇಳದೆಯೇ ಬಾಯಿ ಅಗಲ ತೆರೆದು ನಾಲಿಗೆ ಎತ್ತಿ ತೋರಿಸುತ್ತದೆ.

"ಏನಿಲ್ಲ ದೊಡವ್ವಾ," ಎನ್ನುತ್ತದೆ.

ಬಾಯಿ ಮುಚ್ಚವಾ, ನೀ ತೋರಿಸೂದು ಬ್ಯಾಡ ಎಂದು ನಾನು ಹೇಳಬೇಕು. ಹೇಳುತ್ತೇನೆ ಕೂಡ. ಆದರೆ ಮೊದಲು ಬಗ್ಗಿ ಒಳಗೆ ನೋಡುತ್ತೇನೆ, ಎರಡೂ ಕೆನ್ನೆಯ ಸಂದಿ, ನಾಲಿಗೆಯ ಕೆಳಗೆ. ಆಮೇಲೆ ಹೇಳುತ್ತೇನೆ.