ಮನೆಯ ಮಗುವಿಗೆ ಹಾಕಿದ ಅಂಕ

ತನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವುದನ್ನು ಆಕೆ ಯಾವತ್ತೋ ಬಿಟ್ಟಿದ್ದಳು. "ಡಾಕ್ಟರುಗಳಿಗೇ ಪಾಠ ಹೇಳ್ತಾಳಂತೆ" ಎಂದು ಅಕ್ಕ ಮೂಗು ಮುರಿಯುತ್ತಿದ್ದಳು. ಅದು ನಿಜವೇ. ಮಕ್ಕಳ ವೈದ್ಯರು, ಮನಶ್ಶಾಸ್ತ್ರಜ್ಞರು, ಮಾತಿನ ಚಿಕಿತ್ಸಕರು, ಇವರಿಗೆಲ್ಲ ಆಟಿಸಂ ಗುರುತಿಸಲು ಕಲಿಸುವುದೇ ಆಕೆಯ ವೃತ್ತಿ.

ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಲಿಫ್ಟ್ ಇಲ್ಲದ ಮೇಲಿನ ಮಹಡಿಯಲ್ಲಿ ಆಕೆಯ ತರಗತಿ. ಕಿಟಕಿಯ ಪರದೆ ಎಳೆದು, ಮಗುವೊಂದು ಆಡುವ ವಿಡಿಯೊ ಹಾಕುವಳು. ಮಗುವಿನಲ್ಲಿ ಕಂಡ ಆಟಿಸಂ ಲಕ್ಷಣಗಳಿಗೆ ಎಲ್ಲರೂ ಪಕ್ಕದವರತ್ತ ಇಣುಕದೆ ಅಂಕ ಕೊಡಬೇಕು. ಆಮೇಲೆ ಹೋಲಿಸಿ ನೋಡಿದರೆ ಒಬ್ಬೊಬ್ಬರದು ಒಂದೊಂದು ದಿಕ್ಕು. ಎಲ್ಲರ ಅಂಕವೂ ಹೊಂದಿ, ಯಾರು ನೋಡಿದರೂ ಒಂದೇ ಮಗು ಕಾಣುವ ತನಕ ಅವರನ್ನು ಬಿಡುವಂತಿರಲಿಲ್ಲ.

"ಪಾಪ, ನಾಚಿಕೆ ಸ್ವಭಾವ ಅನ್ನಿಸ್ತು ಮೇಡಮ್" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರು ಇದ್ದೇ ಇರುತ್ತಿದ್ದರು.

"ಸೋಪಿನ ಗುಳ್ಳೆ ನೋಡಿ ನಕ್ಕಿತು, ಸರಿ. ಆ ಖುಷೀನ ಪಕ್ಕದಲ್ಲಿದ್ದವರಿಗೆ ತೋರಿಸ್ತಾ? ಮತ್ತೆ ಹಾಕ್ತೀನಿ, ನೋಡಿ."

ಹೇಳಿ ಹೇಳಿ ಗಂಟಲು ಸೋತಿತ್ತು. ಆ ವಿಡಿಯೊದ ಮಗುವಿಗೆ ಈಗ ಮೀಸೆ ಬಂದಿರಬೇಕು, ನಾನಿನ್ನೂ ಅದೇ ಗುಳ್ಳೆ ಎಣಿಸುತ್ತಿದ್ದೇನೆ ಎಂದು ಆಕೆಗೆ ಎಷ್ಟೋ ಸಲ ಅನ್ನಿಸಿತ್ತು.

ಹೀಗಿರುವಾಗ ಅಕ್ಕನ ಮಗಳು ತನ್ನ ನಾಲ್ಕು ವರ್ಷದ ಹೆಣ್ಣುಮಗುವನ್ನು ಕರೆದುಕೊಂಡು ಬಂದಳು. ಪುಟ್ಟಿ ಅರಳು ಹುರಿದಂತೆ ಮಾತಾಡುತ್ತಿತ್ತು. ಆದರೆ ಶಾಲೆಯಲ್ಲಿ ಯಾರ ಜೊತೆಗೂ ಸೇರುತ್ತಿರಲಿಲ್ಲ; ಬೆಲ್ ಹೊಡೆದರೆ ಮೇಜಿನ ಕೆಳಗೆ ಅವಿತುಕೊಳ್ಳುತ್ತಿತ್ತು.

"ಚಿಕ್ಕಮ್ಮಾ, ನೀವೇ ಒಂದು ಸಲ ನೋಡಿ ಹೇಳಿಬಿಡಿ."

"ನಾನು ನೋಡಬಾರದು ಕಣೇ. ಎತ್ತಿ ಆಡಿಸಿದ ಕೈ ಇದು."

ಅಕ್ಕ ಕೆಂಡವಾದಳು. "ಊರವರಿಗೆಲ್ಲ ಬಾಗಿಲು ತೆಗೀತೀಯ, ನನ್ನ ಮೊಮ್ಮಗಳಿಗೆ ಮಾತ್ರ ಅಗುಳಿ! ಮಾತಾಡೋ ಮಗೂಗೆ ಏನಾಗಿರುತ್ತೆ? ಏನೂ ಇಲ್ಲ ಅಂತ ಒಂದು ಮಾತು ಹೇಳೋಕೆ ನಿಂಗೇನು ಕಷ್ಟ?"

ಕಷ್ಟವಿರಲಿಲ್ಲ. ಏನೂ ಇಲ್ಲ ಎಂದೇ ಆಕೆಯ ಮನಸ್ಸೂ ಹೇಳುತ್ತಿತ್ತು. ಆ ಮನಸ್ಸನ್ನೇ ಆಕೆ ನಂಬಲಿಲ್ಲ. ತನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಬಳಿಗೆ ಅವರನ್ನು ಕಳಿಸಿದಳು. ನಿಧಾನಕ್ಕೆ ಹೆಸರಾದ, ತರಗತಿಯಲ್ಲಿ ಎಲ್ಲರೂ 'ಆಮೆ' ಎನ್ನುತ್ತಿದ್ದ ವೈದ್ಯೆ ಅವಳು. ಅಂಕ ಹೊಂದದೆ ಇಡೀ ತರಬೇತಿಯನ್ನು ಮತ್ತೆ ಮಾಡಿದ್ದಳು.

ಆಮೆ ಅವಸರಪಡಲಿಲ್ಲ. ಪುಟ್ಟಿಯ ಜೊತೆ ಆಡಿದಳು, ಹುಟ್ಟಿದಂದಿನಿಂದ ನಡೆದದ್ದನ್ನೆಲ್ಲ ತಾಯಿಯ ಬಳಿ ಕೇಳಿದಳು, ಶಾಲೆಯ ಟೀಚರನ್ನೂ ಮಾತಾಡಿಸಿದಳು. ಕೊನೆಗೆ, ತಾಯಿಯ ಒಪ್ಪಿಗೆ ಪಡೆದು, ಗುರುವಿಗೆ ಫೋನ್ ಮಾಡಿದಳು. "ಮೇಡಮ್, ನೀವು ತೀರ್ಮಾನ ಮಾಡೋದು ಬೇಡ. ಆದ್ರೆ ನಂಗೆ ನಿಮ್ಮ ಕಣ್ಣು ಬೇಕು. ವಿಡಿಯೊ ನೋಡಿ ಅಂಕ ಹಾಕಿ, ನನ್ನದು ಆಮೇಲೆ ಹೇಳ್ತೀನಿ."

ಬೇಡವೆನ್ನಬೇಕಿತ್ತು. ಆಕೆ ಹೋಗಿ ಕೂತಳು.

ಇಬ್ಬರ ಅಂಕಗಳಿಗೂ ಅಜಗಜಾಂತರ. ಗುರುವಿನ ಪ್ರಕಾರ ಮಗುವಿಗೆ ಆಟಿಸಂ ಇಲ್ಲ, ಶಿಷ್ಯೆಯ ಪ್ರಕಾರ ಇದೆ.

"ಇಲ್ಲಿ ನಿಲ್ಲಿಸ್ತೀನಿ" ಎಂದಳು ಆಮೆ, ಮೆಲ್ಲಗೆ. "'ಬಾಗಿಲು ಸರಿಯಾಗಿ ಮುಚ್ಚಿದೆಯೇ ಪರೀಕ್ಷಿಸಿ' ಅಂತಾಳಲ್ಲ, ಯಾರಿಗೆ ಹೇಳ್ತಾ ಇದಾಳೆ?"

"ನಿಂಗೇ. ಆಟಕ್ಕೆ ಬಾ ಅಂತ."

"ನಂಗೆ ಹಾಗೆ ಕಾಣ್ಲಿಲ್ಲ ಮೇಡಮ್. ಡಬ್ಬಿ ಮುಚ್ಚಳ ನೋಡ್ಕೊಂಡು ಹೇಳಿದ್ಲು."

ಆಕೆ ಮತ್ತೆ ನೋಡಿದಳು. ಬಟ್ಟೆ ಒಗೆಯುವ ಯಂತ್ರದ ಕೈಪಿಡಿಯಿಂದ ಪುಟ್ಟಿ ಎತ್ತಿಕೊಂಡ ಸಾಲು ಅದು. ಆಟಕ್ಕೆ ಬಾ ಎಂದೇ ಅದರ ಅರ್ಥವೆಂದು ಮನೆಯವರೆಲ್ಲ ಕಲಿತಿದ್ದರು. ಪರದೆಯ ಮೇಲಿನ ಮಗು ಯಾರ ಮುಖವನ್ನೂ ನೋಡಿರಲಿಲ್ಲ, ಏನನ್ನೂ ತೋರಿಸಿರಲಿಲ್ಲ. ಅದು ಬಿಟ್ಟದ್ದನ್ನೆಲ್ಲ ಚಿಕ್ಕಜ್ಜಿಯೇ ತನ್ನ ಅಕ್ಕರೆಯಿಂದ ತುಂಬಿಕೊಂಡಿದ್ದಳು.

"ನಿಂದು ಸರಿ" ಎಂದಳು.

ಫಲಿತಾಂಶ ತಿಳಿಸುವಾಗ ಆಕೆ ಬರೀ ಚಿಕ್ಕಮ್ಮನಾಗಿ ಪಕ್ಕದಲ್ಲಿ ಕೂತಿದ್ದಳು. ಅಕ್ಕನ ಮಗಳು ಕಣ್ಣೊರೆಸಿಕೊಂಡು ಕೇಳಿದ್ದು ಒಂದೇ: "ಹಾಗಾದ್ರೆ ನಾನು ಸರಿಯಾಗಿ ಬೆಳೆಸ್ಲಿಲ್ಲ ಅಂತಲ್ಲ, ಅಲ್ವಾ?"

"ಅಲ್ಲವೇ ಅಲ್ಲ" ಎಂದಳು ಆಮೆ.

ಅಕ್ಕ ಸಿಟ್ಟಾಗಿ ತಂಗಿಯ ಜೊತೆ ಮಾತು ಬಿಟ್ಟಳು. ಇತ್ತ ಆಕೆ ನಡೆದದ್ದನ್ನು ಮೇಲಧಿಕಾರಿಗೆ ಹೇಳಿ, ಬೇರೆ ಕೇಂದ್ರದವರ ಜೊತೆ ಕೂತು ತನ್ನ ಅಂಕಗಳನ್ನು ಹೋಲಿಸಿಕೊಂಡಳು. ಬೇರೆ ಮಕ್ಕಳ ವಿಷಯದಲ್ಲಿ ಕಣ್ಣು ನೆಟ್ಟಗೇ ಇತ್ತು. ಹಗುರವಾಗಬೇಕಿದ್ದ ಮನಸ್ಸು ಹಗುರವಾಗಲಿಲ್ಲ. ಮರುವಾರ ಹೊಸ ತಂಡ ಬಂತು, ಮತ್ತೆ ಪರದೆ ಎಳೆದಳು.

ಶಾಲೆಯಲ್ಲಿ ಪುಟ್ಟಿಗೆ ಸದ್ದಿಲ್ಲದ ಮೂಲೆಯೊಂದನ್ನು ಮಾಡಿಕೊಟ್ಟರು. ಜೊತೆಗೊಬ್ಬ ಟೀಚರನ್ನೂ ಗೊತ್ತುಮಾಡಿದರು. ರಜೆಯಲ್ಲಿ ಅದು ಒಂದು ದಿನ ಚಿಕ್ಕಜ್ಜಿಯ ಮನೆಯಲ್ಲಿತ್ತು. ಸಂಜೆ ಕರೆದೊಯ್ಯಲು ಅಕ್ಕನೇ ಬಂದಳು. ನೆಲದ ಮೇಲೆ ಮುಚ್ಚಳಗಳನ್ನು ಜೋಡಿಸುತ್ತಿದ್ದ ಮೊಮ್ಮಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಳು.

"ನಮ್ಮಪ್ಪ ನೆಂಟರು ಬಂದ್ರೆ ಅಟ್ಟ ಹತ್ತಿ ಕೂತ್ಕೋತಿದ್ರು. ಅಮ್ಮ ಜಂಬ ಅಂತ ಬೈತಿದ್ಲು. ಇದೇ ಇತ್ತೇನೇ ಅವ್ರಿಗೂ?"

ಆಕೆ ಸೋಫಾದ ಮೇಲೆ ಅಕ್ಕನಿಗೆ ಜಾಗ ಬಿಟ್ಟು ಸರಿದಳು.

"ಇತ್ತೇನೋ. ಯಾರೂ ಕೇಳ್ಲಿಲ್ಲವಲ್ಲ."

ಅಕ್ಕ ಕೂತಳು. ಮಗು ಮುಚ್ಚಳಗಳನ್ನು ಜೋಡಿಸಿ ಮುಗಿಸುವ ತನಕ ಇಬ್ಬರೂ ಏಳಲಿಲ್ಲ.