ಯಾರಿಗೂ ಬೇಸರವಾಗದ ಬಣ್ಣದ ಚೆಂಡು

ಕಾಪುವಿನ ನಮ್ಮ ಮಹಿಳಾ ಮಂಡಳಿಯಲ್ಲಿ ಭಜನೆಗೆ ಬಾರದಿದ್ದರೆ ಕ್ಷಮೆಯುಂಟು, ತ್ರೋಬಾಲ್ ಅಭ್ಯಾಸಕ್ಕೆ ಬಾರದಿದ್ದರೆ ಇಲ್ಲ. ನಾನಂತೂ ತಪ್ಪಿಸಿಕೊಂಡವಳಲ್ಲ. ಐವತ್ತು ದಾಟಿದ ಮೇಲೂ ಚೂಡಿದಾರದ ಮೇಲೆ ತಂಡದ ಟೀ ಶರ್ಟ್ ಏರಿಸಿಕೊಂಡು ಹಿಂದಿನ ಸಾಲಿನಲ್ಲಿ ನಿಂತು ಚೆಂಡು ಹಿಡಿಯುತ್ತಿದ್ದೆ. ದಿನವಿಡೀ ಮನೆಯವರ ಬೇಕು ಬೇಡ ಕೇಳುವ ನನಗೆ ಸಂಜೆಯ ಆ ಆಟವೆಂದರೆ ಪ್ರಾಣ.

ತಕರಾರು ಶುರುವಾದದ್ದು ಚೆಂಡಿನಿಂದ. ಕೊಳ್ಳುವಾಗ ಅದು ಬಿಳಿಯದೇ. ಮೈದಾನದ ಕೆಂಪು ಮಣ್ಣಿನಲ್ಲಿ ಉರುಳಿ ಉರುಳಿ ಮಣ್ಣಿನದೇ ಬಣ್ಣಕ್ಕೆ ತಿರುಗಿತ್ತು. ಒಂದು ಸಂಜೆ ಅದು ನೇರವಾಗಿ ಬಂದು ನನ್ನ ಕನ್ನಡಕ ಒಡೆಯಿತು. ನಮ್ಮ ನಾಯಕಿ ಮಣಿಪಾಲದಲ್ಲಿ ಕೆಲಸ ಮಾಡುವ ಹುಡುಗಿ. ಚೂರುಗಳನ್ನು ಹೆಕ್ಕಿಕೊಡುತ್ತಾ, ಕಾರ್ಕಳದವರ ಜೊತೆಗಿನ ಪಂದ್ಯಕ್ಕೆ ನಾನು ವಿಶ್ರಾಂತಿ ತೆಗೆದುಕೊಳ್ಳಬಹುದಲ್ಲ ಎಂದಳು. ಇಂಥ ವಿಶ್ರಾಂತಿಗೆ ಹೋದವರು ಮರಳಿ ಬಂದದ್ದನ್ನು ನಾನು ಕಂಡಿಲ್ಲ. ಮೈಯೆಲ್ಲ ಉರಿದುಹೋಯಿತು. ದೋಷ ನನ್ನ ಕಣ್ಣಿನದಲ್ಲ, ಚೆಂಡಿನದು. ಎದ್ದು ಕಾಣುವ ಬಣ್ಣದ ಚೆಂಡು ತನ್ನಿ, ಹಿಡಿದು ತೋರಿಸುತ್ತೇನೆ ಎಂದು ಹಟ ಹಿಡಿದೆ.

ಬಣ್ಣ ಆರಿಸಲು ಸಭೆ ಸೇರಿತು. ನಾನು ಕಿತ್ತಳೆ ಎಂದೆ. ಚುನಾವಣೆ ಹತ್ತಿರವಿದೆ, ಆ ಬಣ್ಣವನ್ನು ಎತ್ತಿ ಹಿಡಿದರೆ ಒಂದು ಅರ್ಥ, ಕೆಳಗೆ ಬೀಳಿಸಿದರೆ ಇನ್ನೊಂದು ಅರ್ಥ ಎಂದರು ಅಧ್ಯಕ್ಷೆ. ಹಸಿರು ಎಂದವರ ಮುಖವನ್ನು ಎಲ್ಲರೂ ಒಮ್ಮೆ ತಿರುಗಿ ನೋಡಿದರು; ಅವರು ಬೇಗನೆ ಮಾತು ಬದಲಿಸಿದರು. ಕೆಂಪಿಗೂ ನೀಲಿಗೂ ವಾರಸುದಾರರಿದ್ದರು. ಹಳದಿ ಕಾರ್ಕಳದವರ ಟೀ ಶರ್ಟಿನ ಬಣ್ಣ. ಉಳಿದದ್ದು ಗುಲಾಬಿ. ಅಧ್ಯಕ್ಷೆಯ ಓರಗಿತ್ತಿ ಹೊಸ ಮನೆಗೆ ಹೊಡೆಸಿದ್ದು ಅದೇ ಬಣ್ಣವಂತೆ, ಅವರಿಬ್ಬರಿಗೂ ಮಾತಿಲ್ಲ. ಗೋಳಿಬಜೆಯ ಪಾತ್ರೆ ಖಾಲಿಯಾಗುವ ಹೊತ್ತಿಗೆ ಯಾರಿಗೂ ಬೇಸರವಾಗದ ಬಣ್ಣವೊಂದು ಸರ್ವಾನುಮತದಿಂದ ಸಿಕ್ಕಿತು: ಬೂದು.

ಬೂದು ಬಣ್ಣದ ಚೆಂಡು ಉಡುಪಿಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಚೆಂಡು ಮಾಡುವವರಿಗಾದರೂ ಬುದ್ಧಿ ಉಂಟಲ್ಲ. ಸದಸ್ಯೆಯೊಬ್ಬರ ಗಂಡ ಮಲ್ಪೆಯಲ್ಲಿ ದೋಣಿ ಇಟ್ಟವರು. ಕಡಲಿನಲ್ಲಿ ದೂರದಿಂದಲೇ ಕಾಣಲಿ ಎಂದು ದೋಣಿಗೆ ಗಾಢ ಬಣ್ಣ ಬಳಿಯುತ್ತಾರೆ. ನಾವು ಆ ಬಣ್ಣವನ್ನು ಬಿಟ್ಟು, ಅದರ ಅಡಿಗೆ ಹೊಡೆದು ಉಳಿದ ಬೂದು ಪ್ರೈಮರನ್ನು ಕೇಳಿ ತಂದು ನಮ್ಮ ಚೆಂಡಿಗೆ ಬಳಿದೆವು.

ಪಂದ್ಯದ ಸಂಜೆ ಆಕಾಶದ ತುಂಬಾ ಮಳೆಮೋಡ. ಆಟಕ್ಕೆ ಮುಂಚಿನ ಅಭ್ಯಾಸದಲ್ಲಿ, ಹೊಸ ಕನ್ನಡಕವಿದ್ದೂ, ಚೆಂಡು ಮೇಲೆ ಹೋದದ್ದು ಕಂಡಿತು, ಇಳಿದದ್ದು ಕಾಣಲಿಲ್ಲ. ನಾಯಕಿ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟಳು. "ಅಕ್ಕಾ, ಹೊಸ ಚೆಂಡೂ ನಿಮಗೆ ಕಾಣುವುದಿಲ್ಲ ಅಲ್ವಾ? ನೀವು ಗೆರೆ ನೋಡಿಕೊಳ್ಳಿ."

ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೋ ಎಂದು ಹೇಳಲು ಎರಡೂ ತಂಡದವರು ಒಬ್ಬೊಬ್ಬರನ್ನು ಮೂಲೆಯಲ್ಲಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಕಾಣುವುದಿಲ್ಲ ಎಂದು ತಂಡದಿಂದ ತೆಗೆದವಳಿಗೆ ನೋಡುವ ಕೆಲಸ ಕೊಟ್ಟರು. ಕಾರ್ಕಳದವರ ಅಂಗಳದ ಮೂಲೆಗೆ ಹೋಗಿ ನಿಂತೆ.

ಎರಡೂ ಕಡೆಯವರು ಕಾಣದ ಚೆಂಡನ್ನು ಸಮನಾಗಿ ಕೈಬಿಟ್ಟರು, ಹಾಗಾಗಿ ಅಂಕಗಳೂ ಸಮನಾಗಿ ಏರಿದವು. ನಮಗೆ ಇನ್ನೊಂದೇ ಅಂಕ ಬೇಕಿದ್ದಾಗ ನಾಯಕಿ ನನ್ನ ಮೂಲೆಯತ್ತ ಜೋರಾಗಿ ಎಸೆದಳು. ಚೆಂಡು ಮೋಡದ ಬಣ್ಣದಲ್ಲಿ ಕರಗಿತು. ಎಲ್ಲೋ ದಪ್ಪೆಂದು ಬಿದ್ದ ಸದ್ದು ಕೇಳಿತು. ಅಂಪೈರ್, ನಮ್ಮವರು, ಕಾರ್ಕಳದವರು, ಎಲ್ಲರೂ ನನ್ನತ್ತ ತಿರುಗಿದರು. ನಾನು ಏನನ್ನೂ ನೋಡಿರಲಿಲ್ಲ. ಕೈಯನ್ನು ನೆಲದತ್ತ ನೀಡಿ, ಒಳಗೆ ಎಂದೆ.

ಯಾರೂ ಜಗಳಕ್ಕೆ ಬರಲಿಲ್ಲ. ಜಗಳವಾಡಲು ಯಾರಾದರೊಬ್ಬರು ಚೆಂಡನ್ನು ನೋಡಿರಬೇಕಿತ್ತು. ನಾವು ಗೆದ್ದೆವು. ನಾಯಕಿ ಓಡಿಬಂದು ನನ್ನನ್ನು ಅಪ್ಪಿಕೊಂಡಳು.

"ಎಂತ ಚುರುಕು ಮಾರಾಯ್ರೆ ಅಕ್ಕ ನಿಮ್ಮ ಕಣ್ಣು. ಇನ್ನು ಯಾವಾಗಲೂ ಗೆರೆಗೆ ನೀವೇ."